ಹಬ್ಬದ ಗೋಡೆಗೆ ಪೈಠಣಿಯ ನವಿಲು

ಮಹಾರಾಷ್ಟ್ರದ ಖುಲ್ತಾಬಾದಿಗೆ ನೇಯ್ಗೆಯ ಎರಡು ದೊಡ್ಡ ಪರಂಪರೆಗಳು ದೂರವಲ್ಲ: ಔರಂಗಾಬಾದಿನ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದ ಹಿಮ್ರೂ, ಗೋದಾವರಿ ದಂಡೆಯ ಪೈಠಣದ ಪೈಠಣಿ. ನಾಸಿಕ್ ಜಿಲ್ಲೆಯ ಯೇವಲಾದಲ್ಲೂ ಪೈಠಣಿ ಮಗ್ಗಗಳಿವೆ. ಪೈಠಣಿ ಸೀರೆಯ ಸೆರಗಿನ ನವಿಲು, ಕಮಲಗಳನ್ನೇ ಗೋಡೆಗೆ ತೂಗುಹಾಕುವ ಪಟಗಳಾಗಿಯೂ ನೇಯುತ್ತಾರೆ. ಹಬ್ಬದ ಮನೆಗೆ ಇದಕ್ಕಿಂತ ಒಪ್ಪುವ ಅಲಂಕಾರ ನಾನು ಕಂಡಿಲ್ಲ.

ಪೈಠಣಿ ನೇಯ್ಗೆಯಲ್ಲಿ ಪ್ರತಿ ಬಣ್ಣಕ್ಕೂ ಬೇರೆಯೇ ಪುಟ್ಟ ಕಂಡಿಕೆ. ಎರಡು ಬಣ್ಣ ಸಂಧಿಸುವಲ್ಲಿ ಹೊಕ್ಕಿನ ಎಳೆಗಳನ್ನು ಕೈಯಿಂದಲೇ ಒಂದಕ್ಕೊಂದು ಕೊಕ್ಕೆಹಾಕಿ ಬಿಗಿಯುತ್ತಾರೆ. ಹೀಗಾಗಿ ನವಿಲಿನ ಬೆನ್ನಿಗೆ ಸಡಿಲ ದಾರ ಜೋತಾಡುವುದಿಲ್ಲ. ಹಿಂಬದಿಯೂ ಮುಂಬದಿಯಷ್ಟೇ ಚೆಲುವು. ಹಿಮ್ರೂ ಬೇರೆ: ಹತ್ತಿಯ ಹಾಸು, ರೇಷ್ಮೆಯ ಹೊಕ್ಕು, ಹಿಂದೆ ತೇಲುವ ಎಳೆಗಳು. ಪೈಠಣಿ ಪಟ ಕೊಳ್ಳುವಾಗ ತಿರುವಿ ನೋಡಿ. ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ.