ಗಂಟಿನ ಅಳತೆ, ಗಂಟಿನ ಗುಣ

ಪೈನ್ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ ಆಚಾರ್ರು ನಡುವೆ ಕೈ ನಿಲ್ಲಿಸಿದರು. ಎಂಟಾಣೆ ನಾಣ್ಯದಗಲದ ಕಪ್ಪು ಗಂಟೊಂದು ಸಡಿಲವಾಗಿತ್ತು. ಹೆಬ್ಬೆರಳಲ್ಲಿ ಒತ್ತಿದ್ದೇ ತಡ, ಬಿರಡೆಯ ಹಾಗೆ ಆಚೆ ಬಿತ್ತು. ಅದರ ಸುತ್ತ ತೊಗಟೆಯ ತೆಳು ಉಂಗುರ. ಗೇಣು ದೂರದಲ್ಲಿ ಅಷ್ಟೇ ಅಗಲದ ಇನ್ನೊಂದು ಗಂಟು, ಕೆಂಪಗೆ, ಮರದ ನಾರಿನೊಂದಿಗೆ ಬೆಸೆದುಕೊಂಡು ಅಲುಗದೆ ಕೂತಿತ್ತು.

ನೆಡುತೋಪಿನ ಪೈನ್ ಮರದ ಗಂಟನ್ನು ಮುಂಚೆಯೇ ಅಂದಾಜು ಮಾಡಲು ನ್ಯೂಜಿಲೆಂಡಿನವರು ಕಟ್ಟಿಕೊಂಡಿರುವ ಪದ್ಧತಿಯ ಬಗ್ಗೆ ಓದುವಾಗಲೆಲ್ಲ ನನಗೆ ಈ ಎರಡು ಗಂಟುಗಳು ನೆನಪಾಗುತ್ತವೆ. ಅಲ್ಲಿನ ನೆಡುತೋಪುಗಳಲ್ಲಿ ಸುಮಾರು ಶೇ. 90ರಷ್ಟು ರೇಡಿಯೇಟಾ ಪೈನ್, ಕ್ಯಾಲಿಫೋರ್ನಿಯಾದ ಕರಾವಳಿಯಿಂದ ಹೋದ ಮರ. ಕಟಾವಿಗೆ ಬರಲು 28 ವರ್ಷದ ಆಸುಪಾಸು ಬೇಕು. ಆದರೆ ಕೆಳಗಿನ ದಿಮ್ಮಿಗಳ ಗಂಟು, ಅಂದರೆ ಕಾಂಡದೊಳಗೆ ಹುದುಗಿದ ರೆಂಬೆಯ ಬುಡ, ಎಷ್ಟು ದಪ್ಪ ಎಂಬುದು ಮರ ಎಳೆಯದಾಗಿರುವಾಗಲೇ ಬಹುಪಾಲು ನಿಶ್ಚಯವಾಗಿರುತ್ತದೆ. ಮರಗಳು ಒತ್ತೊತ್ತಾಗಿದ್ದರೆ ಕೆಳರೆಂಬೆಗೆ ಬಿಸಿಲು ಬೇಗ ತಪ್ಪುತ್ತದೆ, ರೆಂಬೆ ಸಣಕಲಾಗಿಯೇ ಉಳಿಯುತ್ತದೆ. ಅಂತರ ಬಿಟ್ಟು ನೆಟ್ಟರೆ, ಅದರಲ್ಲೂ ಹುಲ್ಲುಗಾವಲಾಗಿದ್ದ ಫಲವತ್ತಾದ ನೆಲದಲ್ಲಿ ನೆಟ್ಟರೆ, ರೆಂಬೆ ತೋಳಿನಷ್ಟು ದಪ್ಪವಾಗುತ್ತದೆ. ಮರ ಕಡಿದು ಎಷ್ಟು ಉಳಿಸಬೇಕೆಂದು ತೀರ್ಮಾನಿಸುವ ಹೊತ್ತಿಗೇ ಅಂದಾಜು ಕೈಯಲ್ಲಿರಬೇಕು. ಹಾಗೆ ತೆಳುಗೊಳಿಸಿದ ತೋಪುಗಳಲ್ಲಿ ರೆಂಬೆ ಕೊನೆಗೆ ಎಷ್ಟು ದಪ್ಪವಾಗುತ್ತದೆಂದು 1982ರಲ್ಲಿ ಇಂಗ್ಲಿಸ್ ಮತ್ತು ಕ್ಲೆಲ್ಯಾಂಡ್ ಲೆಕ್ಕ ಹಾಕಿ ತೋರಿಸಿದರು. ಕಣ್ಣಂದಾಜಿನ ಜಾಗದಲ್ಲಿ ಲೆಕ್ಕ ತಂದಿಟ್ಟ ಆ ಕೆಲಸದ ಮೇಲೆ ನನಗೆ ನಿಜವಾದ ಗೌರವವಿದೆ.

ನನ್ನ ತಕರಾರು ಅವರ ಅಳತೆಗೋಲಿನದು. ಐದೂವರೆ ಮೀಟರ್ ದಿಮ್ಮಿಯ ಸುತ್ತನ್ನು ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿನ ಅತಿ ದಪ್ಪ ರೆಂಬೆಯನ್ನು ಅಳೆದು, ನಾಲ್ಕರ ಸರಾಸರಿ ತೆಗೆಯುತ್ತಾರೆ. ಇದೇ ರೆಂಬೆ ಸೂಚ್ಯಂಕ. ಒಂದು ದಿಮ್ಮಿಯಲ್ಲಿ ನಾಲ್ಕೂ ರೆಂಬೆ 4 ಸೆಂ.ಮೀ. ಇವೆ ಎನ್ನಿ. ಇನ್ನೊಂದರಲ್ಲಿ 2.5, 2.5, 3 ಮತ್ತು 8. ಎರಡಕ್ಕೂ ಸೂಚ್ಯಂಕ 4. ಆದರೆ ಅಲ್ಲಿನ ದಿಮ್ಮಿ ವಿಂಗಡಣೆಯಲ್ಲಿ ಸಣ್ಣ ರೆಂಬೆಯ ದರ್ಜೆಗೆ ಮಿತಿ 6 ಸೆಂ.ಮೀ. ಆ ಒಂದೇ ಒಂದು ರೆಂಬೆಯಿಂದಾಗಿ ಎರಡನೆಯ ದಿಮ್ಮಿ ದರ್ಜೆ ಕಳೆದುಕೊಳ್ಳುತ್ತದೆ. ಹತ್ತು ಸೆಂ.ಮೀ. ಅಗಲದ ಹಲಗೆಯಲ್ಲಿ ಅದು ಅಡ್ಡ ಬಂದರೆ ಭಾರ ಹೊರಲು ಉಳಿಯುವುದು ಎರಡು ಬೆರಳಗಲವೂ ಇಲ್ಲ. ತೋಪಿನ ಒಟ್ಟು ಚಿತ್ರಕ್ಕೆ ಸರಾಸರಿ ಸಾಕು, ಹಲಗೆಗೆ ಸಾಲದು.

ಇದಕ್ಕಿಂತ ದೊಡ್ಡ ಕೊರತೆ ಕಾಂಡದ ಒಳಗಿದೆ. ಗಂಟೆಂದರೆ ತಿರುಳಿನಿಂದ ಹೊರಟು ತೊಗಟೆಯ ಕಡೆಗೆ ಅಗಲವಾಗುತ್ತ ಬರುವ ಶಂಕು. ರೆಂಬೆ ಜೀವಂತವಾಗಿರುವಷ್ಟು ಕಾಲ ಅದರ ನಾರೂ ಕಾಂಡದ ನಾರೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ರೆಂಬೆ ಸತ್ತ ವರ್ಷದಿಂದ ಆ ನಂಟು ಕಡಿಯಿತು. ಕಾಂಡ ಅದನ್ನು ತೊಗಟೆ ಸಮೇತ ಸುಮ್ಮನೆ ಸುತ್ತುವರಿಯುತ್ತದೆ. ರೇಡಿಯೇಟಾ ಪೈನ್ ಸತ್ತ ರೆಂಬೆಯನ್ನು ಬೇಗ ಉದುರಿಸುವ ಮರವೂ ಅಲ್ಲ. ಒಂಬತ್ತನೆಯ ವರ್ಷ ಸತ್ತ ರೆಂಬೆ ಉದುರದೆ ನಿಂತರೆ, ಮುಂದಿನ ವರ್ಷಗಳ ಮರವೆಲ್ಲ ಆ ಮೋಟನ್ನು ಅಪ್ಪಿಕೊಂಡೇ ಬೆಳೆಯಬೇಕು. ಆಚಾರ್ರ ಬೆರಳಿಗೆ ಉದುರಿದ್ದು ಅಂಥದ್ದೇ ಗಂಟು.

ಸೂಚ್ಯಂಕ ಇಳಿಸಬೇಕೆಂದು ಮರಗಳನ್ನು ಒತ್ತಾಗಿ ಬೆಳೆಸಿದರೆ ಗಂಟು ಸಣ್ಣದಾಗುತ್ತದೆ, ನಿಜ. ಆದರೆ ರೆಂಬೆ ಬೇಗ ಸಾಯುತ್ತದೆ. ಅಂತರ ಬಿಟ್ಟರೆ ದಪ್ಪ ಗಂಟು, ಆದರೆ ಭದ್ರವಾಗಿ ಕೂತ ಗಂಟು. ದಪ್ಪವನ್ನಷ್ಟೇ ಅಳೆಯುವ ಅಂಕಿ ಮೊದಲನೆಯದನ್ನು ಹೊಗಳುತ್ತದೆ, ಅದರ ಬೆಲೆಯನ್ನು ಹೇಳುವುದಿಲ್ಲ. ಬುಡದ ಆರು ಮೀಟರ್‌ವರೆಗೆ ಎಳೆಯದರಲ್ಲೇ ರೆಂಬೆ ಸವರಿದ ಮರದಲ್ಲಿ ಈ ಚಿಂತೆ ತಿರುಳಿನ ಸುತ್ತಲಿನ ಭಾಗಕ್ಕಷ್ಟೇ ಸೀಮಿತ. ಸವರದ ತೋಪಿನಲ್ಲಿ, ಸವರಿದ ಮರದ ಮೇಲಿನ ದಿಮ್ಮಿಗಳಲ್ಲಿ ಚಿಂತೆ ಹಾಗೇ ಇದೆ. ಗರಗಸ ತಾಗುವ ಮುನ್ನವೇ ದಿಮ್ಮಿಯೊಳಗಿನ ಗಂಟನ್ನು ಸಿಟಿ ಸ್ಕ್ಯಾನರ್ ಈಗ ತೋರಿಸಬಲ್ಲದು. ಆದರೆ ಆ ಹೊತ್ತಿಗೆ ಮರ ನೆಲಕ್ಕೆ ಬಿದ್ದಿರುತ್ತದೆ.

ತೋಪಿನಲ್ಲೇ ಆಗುವ ಕೆಲಸವೊಂದಿದೆ. ತೆಳುಗೊಳಿಸಲು ಹೋದಾಗಲೆಲ್ಲ ಹಸಿರು ರೆಂಬೆ ನೆಲದಿಂದ ಎಷ್ಟು ಎತ್ತರದಲ್ಲಿ ಶುರುವಾಗುತ್ತದೆಂದು ಅಳತೆಕೋಲಿನಲ್ಲಿ ನೋಡಿ ಪುಸ್ತಕವೊಂದರಲ್ಲಿ ಬರೆದಿಡಲಿ. ಯಾವ ಎತ್ತರದ ರೆಂಬೆ ಯಾವ ವರ್ಷದ ಹೊತ್ತಿಗೆ ಸತ್ತಿತ್ತೆಂಬುದು ಆ ಪುಸ್ತಕದಲ್ಲಿ ಸಿಗುತ್ತದೆ.