‘ಆಪ್ತ ಸಮಾಲೋಚನೆ’: ಒಂದು ಪದದ ಅರ್ಥವಿಚಾರ

ವಿಮರ್ಶೆಯ ಕ್ಷೇತ್ರ ಕಾವ್ಯ ನಾಟಕಗಳಿಗೆ ಮಾತ್ರ ಸೀಮಿತವೆಂದು ಭಾವಿಸಲು ಕಾರಣವಿಲ್ಲ. ಭಾಷೆ ಎಲ್ಲೆಲ್ಲಿ ಮನುಷ್ಯನ ಬಾಳಿನ ಮೇಲೆ ನೇರವಾಗಿ ಪರಿಣಾಮ ಬೀರುವುದೋ ಅಲ್ಲೆಲ್ಲ ವಿಮರ್ಶಕನಿಗೆ ಕೆಲಸವುಂಟು. ಕವಿ ಒಂದು ಪದವನ್ನು ತಪ್ಪಾಗಿ ಬಳಸಿದರೆ ಪದ್ಯ ಕೆಡುತ್ತದೆ. ಚಿಕಿತ್ಸಾಲಯದಲ್ಲಿ ಒಂದು ಪದ ತಪ್ಪು ಅರ್ಥ ಕೊಟ್ಟರೆ ರೋಗಿ ಔಷಧವನ್ನೇ ನಿಲ್ಲಿಸಬಹುದು, ಒಂದು ಮನೆ ಒಡೆಯಬಹುದು. ಎಚ್.ಐ.ವಿ. ತಡೆಗಾಗಿ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುತ್ತಿರುವ ಸೇವೆಗೆ ಕನ್ನಡದಲ್ಲಿ ‘ಆಪ್ತ ಸಮಾಲೋಚನೆ’ ಎಂಬ ಹೆಸರು ರೂಢಿಗೆ ಬಂದಿದೆ. ಆ ಹೆಸರಿನ ಅರ್ಥವನ್ನು ವಿಚಾರಿಸಿ, ಅದನ್ನೇ ಅಳತೆಗೋಲಾಗಿಟ್ಟುಕೊಂಡು ಆ ಸೇವೆಯ ಭಾಷೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಿದರ್ಶನಕ್ಕೆ ಬೆಂಗಳೂರಿನ ದಂಡುಪ್ರದೇಶವನ್ನೂ ಅದರ ಪೂರ್ವದ ಬಡಾವಣೆಗಳನ್ನೂ ಆರಿಸಿಕೊಂಡಿದೆ. ರೋಗ ತಡೆಯ ಹೆಸರಿನಲ್ಲಿ ರೋಗಿಯನ್ನು ನಡೆಸಿಕೊಳ್ಳುವ ಎರಡು ಭಿನ್ನ ರೀತಿಗಳನ್ನು ಈ ಒಂದೇ ನೆಲ ಕಂಡಿದೆ.

1

ಬೆಂಗಳೂರಿನ ದಂಡು 1809ರಲ್ಲಿ ಸ್ಥಾಪಿತವಾಯಿತು. ಸೈನ್ಯದ ಬೆನ್ನಹಿಂದೆ ವರ್ತಕರು, ಕೂಲಿಕಾರರು, ಪರಿಚಾರಕರು ಬಂದು ನೆಲೆಸಿದರು. ತಮಿಳು, ತೆಲುಗು, ದಖನಿ ಉರ್ದುಗಳು ಕನ್ನಡದ ಜೊತೆಗೆ ಬೀದಿಯ ಮಾತಾದವು. ಗೋರೆಯ ಸಿಪಾಯಿಗಳಲ್ಲಿ ಗುಹ್ಯರೋಗಗಳು ಹಬ್ಬಿದಾಗ ಆಳುವವರು ಅದರ ಹೊಣೆಯನ್ನು ಹೊರಿಸಿದ್ದು ಬಡಹೆಂಗಸರ ಮೇಲೆ. 1864ರ ದಂಡುಪ್ರದೇಶಗಳ ಕಾನೂನು, 1868ರ ಸಾಂಕ್ರಾಮಿಕ ರೋಗಗಳ ಕಾನೂನು ಇವುಗಳ ಬಲದಿಂದ ವೇಶ್ಯೆಯರೆಂದು ದಾಖಲಾದ ಸ್ತ್ರೀಯರನ್ನು ಬಲವಂತವಾಗಿ ಪರೀಕ್ಷಿಸಿ, ರೋಗವಿದ್ದವರನ್ನು ‘ಲಾಕ್ ಆಸ್ಪತ್ರೆ’ಗಳಲ್ಲಿ ಕೂಡಿಡುವ ಪದ್ಧತಿ ಬೆಳೆಯಿತು. ಬೆಂಗಳೂರಿನ ದಂಡಿನಲ್ಲಿಯೂ ಅಂಥದೊಂದು ಆಸ್ಪತ್ರೆ ಇದ್ದಿತು. ಆ ಸ್ತ್ರೀಯರ ಬಳಿಗೆ ಹೋಗುತ್ತಿದ್ದ ಸಿಪಾಯಿಗೆ ಕಾನೂನು ಇಂಥ ನಿರ್ಬಂಧವನ್ನು ವಿಧಿಸಲಿಲ್ಲ. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಮೊದಲಾದವರು ನಡೆಸಿದ ಚಳವಳಿಯ ಫಲವಾಗಿ 1888ರಲ್ಲಿ ಈ ಕಾನೂನು ರದ್ದಾಯಿತು.

ಈ ವ್ಯವಸ್ಥೆಯಲ್ಲಿ ರೋಗಿಗೆ ಮಾತಿರಲಿಲ್ಲವೆಂಬುದು ನಮ್ಮ ವಿಷಯಕ್ಕೆ ಮುಖ್ಯ. ಆಕೆ ಪರೀಕ್ಷೆಗೆ ಒಳಗಾಗತಕ್ಕ ಒಂದು ದೇಹ, ರೋಗದ ಒಂದು ಮೂಲ, ಅಷ್ಟೆ. ತಡೆ ಎಂಬುದು ಇನ್ನೊಬ್ಬರನ್ನು ಆಕೆಯಿಂದ ಕಾಪಾಡುವ ಉಪಾಯವಾಗಿತ್ತೇ ಹೊರತು ಆಕೆಗೆ ಸಲ್ಲುವ ಸೇವೆಯಾಗಿರಲಿಲ್ಲ.

2

ಇಂದು ಅದೇ ದಂಡಿನ ಶಿವಾಜಿನಗರದಲ್ಲಿ, ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗನ ಹೆಸರನ್ನು ಹೊತ್ತ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಲ್ಲಿ ಎಚ್.ಐ.ವಿ. ಪರೀಕ್ಷೆ, ಚಿಕಿತ್ಸೆಗಳು ಉಚಿತವಾಗಿ ದೊರೆಯುತ್ತವೆ. ಇಂಥ ಪರೀಕ್ಷಾ ಕೇಂದ್ರಗಳಿಗೆ ಮೊದಲು ‘ಸ್ವಯಂಪ್ರೇರಿತ’ ಎಂಬ ವಿಶೇಷಣವಿದ್ದಿತು. ಆಮೇಲೆ ಅದು ಹೋಗಿ ‘ಸಮಗ್ರ’ ಎಂಬುದು ಬಂದಿತು. ಫಲಕದಿಂದ ಜಾರಿದ ಆ ಅರ್ಥವನ್ನು ಕಾನೂನು ಮತ್ತೆ ಎತ್ತಿ ನಿಲ್ಲಿಸಿತು. 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾನೂನು, ತಿಳಿದು ಕೊಟ್ಟ ಸಮ್ಮತಿಯಿಲ್ಲದೆ ಪರೀಕ್ಷೆ ಕೂಡದೆಂದೂ, ರೋಗಿಯ ಸ್ಥಿತಿಯನ್ನು ಹೊರಗೆಡಹಬಾರದೆಂದೂ ವಿಧಿಸುತ್ತದೆ. ಸಂಗಾತಿಗೆ ಗಣನೀಯ ಅಪಾಯವಿದ್ದು, ತಿಳಿಸಬೇಕೆಂದು ಸಲಹೆ ಕೊಟ್ಟಮೇಲೂ ರೋಗಿ ತಿಳಿಸನೆಂದು ಕಂಡರೆ, ಕೆಲವು ನಿಯಮಗಳಿಗೆ ಒಳಪಟ್ಟು ವೈದ್ಯನಾಗಲಿ ಸಮಾಲೋಚಕನಾಗಲಿ ತಿಳಿಸಬಹುದು. ಆದರೆ ಹೆಂಗಸಿಗೆ ಹಿಂಸೆಯ ಅಥವಾ ಪರಿತ್ಯಾಗದ ಭಯವಿದ್ದಲ್ಲಿ ತಿಳಿಸಕೂಡದು. 1868ರ ಕಾನೂನಿನಿಂದ ಈ ಕಾನೂನಿಗೆ ಬಂದ ದೂರ ಸಾಮಾನ್ಯವಾದುದಲ್ಲ.

ಈಗ ಪದವನ್ನು ನೋಡೋಣ. ‘ಆಪ್ತ’ ಎಂಬುದು ನಮ್ಮ ಶಾಸ್ತ್ರಗಳಲ್ಲಿ ತೂಕವುಳ್ಳ ಮಾತು. ನ್ಯಾಯದರ್ಶನ ಆಪ್ತನ ಉಪದೇಶವನ್ನು ಪ್ರಮಾಣಗಳಲ್ಲೊಂದಾಗಿ ಎಣಿಸುತ್ತದೆ. ವೈದ್ಯಗ್ರಂಥವಾದ ಚರಕಸಂಹಿತೆಯ ಮತದಲ್ಲಿ ರಜಸ್ತಮೋಗುಣಗಳಿಂದ ಮುಕ್ತರಾದವರೇ ಆಪ್ತರು. ಅವರ ಮಾತು ಸಂಶಯಾತೀತ. ಕನ್ನಡದ ಬಳಕೆಯಲ್ಲಿ ಆಪ್ತನೆಂದರೆ ಗುಟ್ಟನ್ನು ನಂಬಿ ಹೇಳಿಕೊಳ್ಳಬಹುದಾದವನು. ‘ಸಮಾಲೋಚನೆ’ಯಾದರೋ ಕೂಡಿ ನೋಡುವುದು, ಇಬ್ಬರು ಸೇರಿ ವಿಚಾರ ಮಾಡುವುದು. ಹಳೆಯ ಶಾಸ್ತ್ರದ ಮಾತು ‘ಆಪ್ತೋಪದೇಶ’. ಹೊಸ ಪದವನ್ನು ಟಂಕಿಸಿದವರು ‘ಆಪ್ತ’ವನ್ನು ಉಳಿಸಿಕೊಂಡು ಉಪದೇಶದ ಸ್ಥಾನದಲ್ಲಿ ಸಮಾಲೋಚನೆಯನ್ನು ಕೂರಿಸಿದರು. ಇದು ಬುದ್ಧಿಪೂರ್ವಕವಾಗಿರಲಿ ಇಲ್ಲದಿರಲಿ, ಬಹಳ ಉಚಿತವಾದ ಮಾರ್ಪಾಟು. ಒಬ್ಬನು ಹೇಳಿ ಇನ್ನೊಬ್ಬನು ಕೇಳುವ ಸಂಬಂಧವನ್ನು ಅದು ತೊಡೆದುಹಾಕುತ್ತದೆ.

ಆದರೆ ಆಚರಣೆಯಲ್ಲಿ ಉಪದೇಶ ಹಿಂಬಾಗಿಲಿನಿಂದ ಮತ್ತೆ ಪ್ರವೇಶಿಸುತ್ತದೆ. ಏಡ್ಸ್ ಪ್ರಚಾರದ ಭಾಷೆಯಲ್ಲಿ ವಿಧಿನಿಷೇಧಗಳ ಕ್ರಿಯಾಪದಗಳೇ ಮೇಲುಗೈ: ‘ಬಳಸಿ’, ‘ದೂರವಿರಿ’, ‘ಮಾಡಿಸಿಕೊಳ್ಳಿ’. ಗೋಡೆಯ ಫಲಕಕ್ಕೆ ಈ ಧಾಟಿ ಒಪ್ಪೀತು. ಎದುರಿಗೆ ಕುಳಿತ ಮನುಷ್ಯನಿಗೆ ಒಪ್ಪದು. ನೆರೆದ ಸಾಲಿನ ಮುಂದೆ, ಬಾಗಿಲು ತೆರೆದಿರುವ ಕೋಣೆಯಲ್ಲಿ, ರೋಗಿಗೆ ಅರೆಬರೆ ತಿಳಿಯುವ ಭಾಷೆಯಲ್ಲಿ ಒಪ್ಪಿಸುವ ಪಾಠ ಆಪ್ತವೂ ಅಲ್ಲ, ಸಮಾಲೋಚನೆಯೂ ಅಲ್ಲ. ಶಿವಾಜಿನಗರದ ದಖನಿ, ಹಲಸೂರಿನ ತಮಿಳು, ಕೆ.ಆರ್. ಪುರದ ಕಡೆಗೆ ದುಡಿಮೆಗಾಗಿ ಬಂದವರ ಹಿಂದಿ, ಉತ್ತರ ಕರ್ನಾಟಕದ ಕನ್ನಡ ಇವೆಲ್ಲವೂ ಒಂದೇ ಬಾಗಿಲಿಗೆ ಬರುವ ಊರಿನಲ್ಲಿ, ಅರ್ಥವಾಗದ ಅರ್ಜಿಯ ಕೆಳಗೆ ಒತ್ತಿದ ಹೆಬ್ಬೆಟ್ಟು ಸಮ್ಮತಿಯೆನಿಸಲಾರದು.

3

ಇನ್ನು ತಡೆಯ ಪರಿಭಾಷೆಯಲ್ಲಿ ಮೂರು ಮಾತುಗಳು ವಿಚಾರಾರ್ಹವಾಗಿವೆ.

ಮೊದಲನೆಯದು ‘ಸೋಂಕು’. ಅಚ್ಚಗನ್ನಡದ ಈ ಧಾತುವಿನ ಮೂಲಾರ್ಥ ಮುಟ್ಟುವುದು, ತಗಲುವುದು. ಗಾಳಿ ಮೈಸೋಂಕಿತು ಎಂದರೆ ಗಾಳಿ ಮೈಮುಟ್ಟಿತು ಎಂದೇ ಅರ್ಥ. ಎಚ್.ಐ.ವಿ.ಯಾದರೋ ಮುಟ್ಟಿದರೆ, ಜೊತೆಗೆ ಉಂಡರೆ, ಒಂದೇ ಹಾಸಿನ ಮೇಲೆ ಕುಳಿತರೆ ಬರುವುದಲ್ಲ. ಅಸುರಕ್ಷಿತ ಸಂಭೋಗ, ರಕ್ತ, ಹಂಚಿಕೊಂಡ ಸೂಜಿ, ಗರ್ಭ, ಹೆರಿಗೆ, ಎದೆಹಾಲು ಇವೇ ಅದರ ದಾರಿಗಳು. ಹೀಗಿರಲಾಗಿ ಸಮಾಲೋಚಕನು ಏನನ್ನು ಅಲ್ಲಗಳೆಯಬೇಕೋ ಅದನ್ನೇ ಅವನ ಪದ ಧ್ವನಿಸುತ್ತದೆ. ಮುಟ್ಟುಚಟ್ಟುಗಳ ಇತಿಹಾಸವುಳ್ಳ ಸಮಾಜದಲ್ಲಿ ಈ ಧ್ವನಿ ನಿರಪಾಯಕಾರಿಯಲ್ಲ. ಪದ ಬೇರೂರಿದೆ, ಕೀಳಲಾಗದು. ಆದರೆ ‘ಸೋಂಕುತ್ತದೆ’ ಎನ್ನುವೆಡೆಯಲ್ಲಿ ‘ದಾಟುತ್ತದೆ’ ಎನ್ನಲು ಅಡ್ಡಿಯೇನಿದೆ?

ಎರಡನೆಯದು ‘ಪಾಸಿಟಿವ್’. ಆಡುಮಾತಿನಲ್ಲಿ ಇದಕ್ಕೆ ಒಳ್ಳೆಯದು ಎಂಬ ಅರ್ಥ, ‘ನೆಗೆಟಿವ್’ಗೆ ಕೆಟ್ಟದ್ದು ಎಂಬ ಅರ್ಥ ಬಂದುಬಿಟ್ಟಿದೆ, ಪರೀಕ್ಷೆಯ ಫಲದಲ್ಲಿ ಅವುಗಳ ಭಾವ ತಿರುವುಮುರುವು. ‘ವೈರಾಣು ಇದೆ’, ‘ಕಂಡುಬಂದಿಲ್ಲ’ ಎಂಬ ಎರಡು ಸರಳ ವಾಕ್ಯಗಳು ಈ ತೊಡಕನ್ನು ಬಿಡಿಸುತ್ತವೆ.

ಮೂರನೆಯದೇ ಅತ್ಯಂತ ಮುಖ್ಯ. ತಡೆಯ ಮಾತು ಬಹುಕಾಲ ರೋಗವಿಲ್ಲದವರನ್ನು ಉದ್ದೇಶಿಸಿದ್ದಿತು; ವೈರಾಣುವಿರುವವನು ಚಿಕಿತ್ಸೆಗೆ ಮಾತ್ರ ಪಾತ್ರನೆಂದು ಎಣಿಸಲಾಗುತ್ತಿತ್ತು. ಈ ವಿಭಾಗವನ್ನು ವಿಜ್ಞಾನ ಅಳಿಸಿಹಾಕಿದೆ. ಒಬ್ಬರಿಗೆ ಮಾತ್ರ ವೈರಾಣುವಿದ್ದ 1,763 ದಂಪತಿಗಳನ್ನು ಕುರಿತ ಅಂತರರಾಷ್ಟ್ರೀಯ ಅಧ್ಯಯನವೊಂದು, ಬೇಗನೆ ಔಷಧ ಆರಂಭಿಸಿದರೆ ಸಂಗಾತಿಗೆ ವೈರಾಣು ದಾಟುವುದು ಶೇಕಡ 96ರಷ್ಟು ತಗ್ಗುವುದೆಂದು 2011ರಲ್ಲಿ ತೋರಿಸಿತು. ರಕ್ತದಲ್ಲಿ ಪತ್ತೆಯಾಗದಷ್ಟು ಮಟ್ಟಕ್ಕೆ ವೈರಾಣು ಇಳಿದು ಅಲ್ಲಿಯೇ ನಿಂತರೆ ಸಂಭೋಗದಿಂದ ಅದು ದಾಟುವುದಿಲ್ಲವೆಂಬುದು ಮುಂದಿನ ಅಧ್ಯಯನಗಳಿಂದ ಸಿದ್ಧವಾಯಿತು. ಪತ್ತೆಯಾದ ಎಲ್ಲರಿಗೂ ಔಷಧ ಎಂಬ ನೀತಿಯನ್ನು ಭಾರತ 2017ರಲ್ಲಿ ಅಂಗೀಕರಿಸಿತು. ಅಂದರೆ ದಿನವೂ ಗುಳಿಗೆ ನುಂಗುವ ರೋಗಿಯೇ ಈಗ ತಡೆಯ ಮೊದಲ ಕರ್ತೃ. ಲಾಕ್ ಆಸ್ಪತ್ರೆಯ ದೃಷ್ಟಿಗೆ ಇದಕ್ಕಿಂತ ನೇರವಾದ ಖಂಡನೆ ಇರಲಾರದು.

ಇಷ್ಟು ದೊಡ್ಡ ಸಂಗತಿಯನ್ನು ಕನ್ನಡದಲ್ಲಿ ಹೇಗೆ ಹೇಳುವುದು? ‘ವೈರಾಣು ಪತ್ತೆಯಾಗಿಲ್ಲ’ ಎಂದಷ್ಟೇ ಹೇಳಿದರೆ ಕೇಳುವವನು ‘ಗುಣವಾಯಿತು’ ಎಂದು ತಿಳಿದು ಔಷಧ ಬಿಟ್ಟಾನು. ಅಪಾಯಕ್ಕೆ ಅಂಜಿ ಏನನ್ನೂ ಹೇಳದಿದ್ದರೆ ಅವನು ಹೆಂಡತಿಯ ಪಾಲಿಗೆ ತಾನು ವಿಷವೆಂಬ ಭಾವನೆಯಲ್ಲೇ ಬಾಳನ್ನು ಸವೆಸುತ್ತಾನೆ. ಎರಡೂ ಕ್ರೌರ್ಯವೇ. ‘ಔಷಧ ವೈರಾಣುವನ್ನು ಅಡಗಿಸಿದೆ, ಅಳಿಸಿಲ್ಲ. ಅಡಗಿರುವ ತನಕ ಕೂಡುವುದರಿಂದ ದಾಟದು. ಔಷಧ ನಿಂತರೆ ಮತ್ತೆ ಏಳುತ್ತದೆ’ ಎಂಬಷ್ಟು ಮಾತು ಸಾಕು. ಇದರೊಡನೆ ಸಂಗಾತಿಯ ಪರೀಕ್ಷೆ, ನಿರೋಧ್, ಇತರ ಲೈಂಗಿಕ ರೋಗಗಳ ಚಿಕಿತ್ಸೆ, ಗರ್ಭಿಣಿಯ ಆರೈಕೆ ಇವನ್ನು ಒಂದೇ ಭೇಟಿಯಲ್ಲಿ ಒದಗಿಸಿದರೆ ಚಿಕಿತ್ಸಾಲಯ ತಡೆಯ ಸ್ಥಾನವೂ ಆಗುತ್ತದೆ.

4

‘ದಿನಕ್ಕೆ ನೂರಾರು ರೋಗಿಗಳು ಬರುವೆಡೆಯಲ್ಲಿ ಪದಶೋಧನೆಗೆ ವ್ಯವಧಾನವೆಲ್ಲಿ?’ ಎಂದು ಯಾರಾದರೂ ಆಕ್ಷೇಪಿಸಬಹುದು. ಸಮಾಲೋಚಕರ ಕೆಲಸದ ಹೊರೆ ಭಾರವಾದುದೆಂಬುದು ನಿಜ. ಆದರೆ ಕಾಲ ಅಲ್ಪವಾದಷ್ಟೂ ಮಾತು ನಿಷ್ಕೃಷ್ಟವಾಗಿರಬೇಕು. ಅರ್ಧ ಗಂಟೆಯಿದ್ದರೆ ತಪ್ಪು ಮಾತನ್ನು ತಿದ್ದಿಕೊಳ್ಳಬಹುದು. ಐದು ನಿಮಿಷದಲ್ಲಿ ಆಗದು. ಪದದ ಶುದ್ಧಿಯೊಂದರಿಂದಲೇ ಸೇವೆ ಶುದ್ಧವಾಗುವುದೆಂದು ನಾವು ವಾದಿಸುತ್ತಿಲ್ಲ. ಮುಚ್ಚುವ ಬಾಗಿಲು, ಸಾಕಷ್ಟು ಸಿಬ್ಬಂದಿ, ತಪ್ಪದೆ ಸಿಗುವ ಔಷಧ ಇವಿಲ್ಲದೆ ಯಾವ ಪದವೂ ಆಪ್ತವಾಗದು. ಆದರೆ ಇವೆಲ್ಲ ಇದ್ದೂ ಮಾತು ಕೆಟ್ಟರೆ ರೋಗಿ ಮತ್ತೆ ಬರುವುದಿಲ್ಲ.

ವಿಜ್ಞಾನದ ಪರಿಭಾಷೆಯನ್ನು ಕಟ್ಟುವ ಹೊಣೆಯನ್ನು ಕನ್ನಡ ವಿಭಾಗಗಳು ಹಿಂದೆ ಹೊತ್ತಿವೆ, ನಿಘಂಟುಗಳನ್ನು ರಚಿಸಿವೆ. ಆ ಕೆಲಸ ಗ್ರಂಥಾಲಯದಲ್ಲಿಯೇ ನಿಲ್ಲಬಾರದು. ವಿದ್ಯಾರ್ಥಿಗಳು ಸಮಾಲೋಚಕರೊಡನೆ ಕುಳಿತು, ಅವರು ದಿನವೂ ಆಡಬೇಕಾದ ಇಪ್ಪತ್ತು ಮೂವತ್ತು ವಾಕ್ಯಗಳನ್ನು ಕನ್ನಡದಲ್ಲಿಯೂ, ನೆರೆಭಾಷೆಗಳನ್ನು ಬಲ್ಲವರ ನೆರವಿನಿಂದ ತಮಿಳು ದಖನಿಗಳಲ್ಲಿಯೂ ತಿದ್ದಿ ಸಿದ್ಧಪಡಿಸಿದರೆ, ಅದು ಯಾವ ಸಂಶೋಧನ ಪ್ರಬಂಧಕ್ಕೂ ಕಡಮೆಯಲ್ಲದ ಸೇವೆಯಾದೀತು. ಹೆಸರು ಆಗಲೇ ಚೆನ್ನಾಗಿದೆ. ಸೇವೆ ಆ ಹೆಸರಿಗೆ ತಕ್ಕುದಾಗಬೇಕು.