ಮಾರಿಯಾನೊ ಕೇಳಿಸಿಕೊಂಡ ಸ್ವರ

ಕ್ಯೂಬಾದ ಪಿಯಾನೊ ವಾದಕ ಬೆಬೊ ವಾಲ್ಡೆಸ್ ಸ್ಪೇನಿನ ಗಾಯಕ ದಿಯೆಗೊ ಎಲ್ ಸಿಗಾಲಾ ಜೊತೆ ಸೇರಿ 2003ರಲ್ಲಿ ತಂದ ‘ಲಾಗ್ರಿಮಾಸ್ ನೆಗ್ರಾಸ್’ ಆಲ್ಬಂ ಕೇಳಿದಾಗಲೆಲ್ಲ ನನಗೆ 1983ರ ‘ಜ್ಯೋತಿ’ ನೆನಪಾಗುತ್ತದೆ. ಎರಡರಲ್ಲೂ ಜಾಝ್ ವಾದಕ ಬೇರೆ ಪರಂಪರೆಯ ಕಂಠಕ್ಕೆ ಮನಸಾರೆ ಜಾಗ ಬಿಡುತ್ತಾನೆ. ‘ಜ್ಯೋತಿ’ಯಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಜೊತೆಗಿರುವುದು ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ.

ನಾನಿರುವ ಕಾರಿಮಂಗಲಂ ಊರಿನಲ್ಲಿ ರಾತ್ರಿ ಹೆದ್ದಾರಿಯ ಲಾರಿಗಳ ಸದ್ದು ಇಳಿದ ಮೇಲೆ ‘ಜ್ಯೋತಿ’ಯನ್ನು ಕೇಳಬೇಕು. ಮೊದಲು ತಂಡದ ಗಾಯಕಿ ಆರ್.ಎ. ರಮಾಮಣಿಯವರ ಕಂಠವೊಂದೇ. ಅವಸರವಿಲ್ಲ, ಆಡಂಬರವಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನಡುವಿನ ದಾರಿಯೆಲ್ಲ ಕಾಣುತ್ತದೆ. ಮುಂದೆ ಬರುವ ಸ್ಯಾಕ್ಸೊಫೋನೂ ಆ ಜಾರುವಿಕೆಯನ್ನು ಬಲ್ಲದು. ಮಾರಿಯಾನೊ ನಾಗಸ್ವರ ಕಲಿತವರು. ಆ ಉಸಿರಿನ ಪಳಗುವಿಕೆ ಇಲ್ಲಿ ಸ್ಪಷ್ಟ. ರಾಗದ ಮೇಲೆ ಜಾಝ್ ಹೇರಿದ ಸಮ್ಮಿಳನಗಳು ಬೇಕಾದಷ್ಟಿವೆ, ನನಗೆ ರುಚಿಸುವುದಿಲ್ಲ. ಇಲ್ಲಿ ಮಾತ್ರ ಅತಿಥಿ ಮೊದಲು ಕೇಳಿಸಿಕೊಳ್ಳುತ್ತಾನೆ, ಆಮೇಲೆ ನುಡಿಸುತ್ತಾನೆ.

ಇನ್ನು ಟಿ.ಎ.ಎಸ್. ಮಣಿಯವರ ಮೃದಂಗ, ರಾಜಗೋಪಾಲ್ ಅವರ ಘಟ, ಶಶಿಕುಮಾರ್ ಅವರ ಖಂಜಿರ. ಕೊನ್ನಕ್ಕೋಲು ಶುರುವಾದರೆ ಬಾಯಿಯೇ ವಾದ್ಯ. ಕೂತಲ್ಲೇ ನನ್ನ ಕೈ ತಾಳ ಹಾಕತೊಡಗುತ್ತದೆ.